ಗಂಜಿ ಹಾಕಿದ ಖಾಕಿ

ನಾನು ಒಂದು ಇಸ್ತ್ರಿಪೆಟ್ಟಿಗೆ. ಕೆಂಡ ತುಂಬುವ ಹಳೆಯ ಕಾಲದ್ದು, ಬೀಡು ಕಬ್ಬಿಣದ್ದು. ತೂಕ ಆರು ಸೇರು. ತೂಕವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಒಂದು ಸಲವೂ ಎತ್ತದವರು ಇಸ್ತ್ರಿ ಎಂದರೆ ಬಟ್ಟೆಯ ಮೇಲೆ ಕೈಯಾಡಿಸುವುದಷ್ಟೇ ಎಂದುಕೊಂಡಿದ್ದಾರೆ. ಅಂಥವರನ್ನು ಕಂಡರೆ ನನಗೆ ಸಿಟ್ಟು. ಈ ಕಥೆಯನ್ನು ಸಿಟ್ಟಿನಿಂದಲೇ ಹೇಳುತ್ತೇನೆ. ಸಮಾಧಾನದಿಂದ ನಗುನಗುತ್ತಾ ಹೇಳುವವರು ಬೇರೆ ಇದ್ದರು, ಅವರು ಹೇಳಿಯೂ ಆಯಿತು, ಚಪ್ಪಾಳೆ ಗಿಟ್ಟಿಸಿಯೂ ಆಯಿತು.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಎರಕದ ಸಾಲೆಯಲ್ಲಿ. ಒಡೆದ ಬ್ರೇಕು, ತೂತು ಬಿದ್ದ ಬಾಣಲೆ, ಹಲ್ಲು ಮುರಿದ ಗಾಲಿ, ಎಲ್ಲವನ್ನೂ ಒಂದೇ ಕುಲುಮೆಗೆ ಹಾಕಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರು. ತಣ್ಣಗಾದಾಗ ನನಗೊಂದು ಹೊಟ್ಟೆ ಇತ್ತು, ಹೊಟ್ಟೆಯ ಸುತ್ತ ಗಾಳಿ ಆಡುವ ಕಿಂಡಿಗಳು, ಮೇಲೊಂದು ಮುಚ್ಚಳ. ಮರದ ಹಿಡಿಕೆಯನ್ನು ಬಡಿಗ ಕೂಡಿಸಿದ. ಸಂತೆಯಲ್ಲಿ ನನ್ನನ್ನು ಕೊಂಡವನು ಬಾಳೆಕೊಪ್ಪದ ಮಡಿವಾಳರ ಮಾಚಪ್ಪ. ಅವನು ನನ್ನನ್ನು ತಲೆಯ ಮೇಲೆ ಹೊತ್ತು ಊರಿಗೆ ತಂದ. ಮೂರೇ ವರ್ಷ ಎತ್ತಿದ. ಕಾಲರಾ ಬಂದು ಅವನು ಹೋದ ಮೇಲೆ ನಾನು ಅವನ ಹೆಂಡತಿ ಕಲ್ಲವ್ವನ ಬಲಗೈಗೆ ಬಂದೆ. ಆಗ ಅವಳಿಗೆ ಮೂವತ್ತು ಇದ್ದೀತು. ಮಗಳು ಸಾವಂತ್ರಿ ಇನ್ನೂ ಚಿಕ್ಕವಳು.

ಕಲ್ಲವ್ವನ ಕೈ ಹೇಗಿತ್ತು ಎಂದು ಕೇಳಿದರೆ ನನಗಿಂತ ಚೆನ್ನಾಗಿ ಯಾರೂ ಹೇಳಲಾರರು. ಬಟ್ಟೆ ನೋಡಿ ಭಾರ ಬಿಡುತ್ತಿದ್ದಳು. ಧೋತರಕ್ಕೆ ಒಂದು ಭಾರ, ರೇಷ್ಮೆಗೆ ಒಂದು ಭಾರ. ಊರಿನ ಮದುವೆಗಳಲ್ಲಿ ಮದುಮಕ್ಕಳು ನಡೆಯುವ ದಾರಿಗೆ ಮಡಿ ಹಾಸುವ ಹಕ್ಕು ಅವಳ ಮನೆಯದು. ಹಾಸಿದ ಬಟ್ಟೆಯ ಮೇಲೆ ಎಲ್ಲರೂ ನಡೆದು ಹೋಗುತ್ತಿದ್ದರು, ಹಾಸಿದವಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹತ್ತು ಹನ್ನೊಂದು ವರ್ಷ ಕಳೆದು ಸಾವಂತ್ರಿ ಮದುವೆಗೆ ಬಂದಾಗ ಜಗತ್ತಿನಲ್ಲಿ ದೊಡ್ಡ ಯುದ್ಧ ನಡೆದಿತ್ತು. ಬ್ರಿಟಿಷರು ದೇಶ ಬಿಟ್ಟು ಹೋಗಲಿ ಎಂಬ ಚಳವಳಿ ನಮ್ಮ ಸೀಮೆಗೂ ಬಂತು. ತಂತಿ ಕತ್ತರಿಸಿದರು, ಚಾವಡಿ ಸುಟ್ಟರು. ನಾಡಗೌಡರ ಮಗ ಜಯದೇವ ಎಂಬವನು ಆರು ಮಂದಿಯನ್ನು ಕಟ್ಟಿಕೊಂಡು ಊರ ಮುಂದಿನ ಗವಿಗುಡ್ಡ ಸೇರಿದ. ಅವರನ್ನು ಹಿಡಿಯಲು ಇಪ್ಪತ್ತೆರಡು ಪೊಲೀಸರು ಬಂದರು. ಗಂಡುಮಕ್ಕಳ ಶಾಲೆಯನ್ನೇ ಠಾಣ್ಯ ಮಾಡಿಕೊಂಡರು. ಅವರ ಮೇಲೆ ಫೌಜದಾರ ಘಾಟಗೆ. ಬಂದ ದಿನವೇ ಅವನು ಶಾಲೆಯ ಮಾಸ್ತರ ಗಂಗಾಧರಪ್ಪನವರನ್ನು ಕೆಲಸದಿಂದ ತೆಗೆಸಿ, ಅವರ ಕುರ್ಚಿಯ ಮೇಲೆ ತಾನು ಕೂತ.

ಊರು ಸೇರಿ ನಿರ್ಣಯ ಮಾಡಿತು: ಪೊಲೀಸರಿಗೆ ಹಾಲು ಹಾಕುವಂತಿಲ್ಲ, ಕ್ಷೌರ ಮಾಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಹದಿನೈದು ದಿನಕ್ಕೆ ಪೊಲೀಸರು ಗಡ್ಡ ಬಿಟ್ಟುಕೊಂಡು, ನಾರುವ ಖಾಕಿಯಲ್ಲಿ ಓಡಾಡತೊಡಗಿದರು. ಊರಿಗೆ ಅದನ್ನು ನೋಡುವುದೇ ಹಬ್ಬ.

ಆಗ ಒಂದು ಮಧ್ಯಾಹ್ನ ಗಂಗಾಧರಪ್ಪ ಮಾಸ್ತರರು ಒಂದೇ ಒಂದು ಧೋತರ ಹಿಡಿದುಕೊಂಡು ಬಂದರು. ಅದನ್ನು ನನ್ನ ಪಕ್ಕ ಇಟ್ಟು, ಬಾಗಿಲು ಮುಂದೆ ಮಾಡಿ ಕೂತರು.

"ಕಲ್ಲವ್ವ, ನೀ ಪೊಲೀಸರ ಅರಿವಿ ಒಗೀಬೇಕು."

"ಯಾಕ್ರೀ ಮಾಸ್ತರ? ನನ್ನ ಮುಖಕ್ಕ ಸಗಣಿ ಹೊಡಸಬೇಕಂತ ಮಾಡೀರೇನು?"

"ಹೊಡಿಸ್ಕೋಬೇಕಾಗತೈತಿ. ಆದ್ರ ನೀ ಒಳಗ ಇದ್ರ ಗುಡ್ಡದಾಗಿನ ಏಳು ಜೀವ ಉಳೀತಾವ. ಅವರು ಯಾವತ್ತ ಗುಡ್ಡಕ್ಕ ಹೋಗ್ತಾರ ಅನ್ನೂದು ಒಂದು ದಿನ ಮೊದಲ ಗೊತ್ತಾದ್ರ ಸಾಕು."

"ನಾನ ಯಾಕ್ರೀ?"

"ಅವರು ನಿನ್ನ ಮುಂದ ಬಾಯಿ ಬಿಟ್ಟು ಮಾತಾಡ್ತಾರ. ಅಗಸರಾಕಿಗೆ ಏನ್ ತಿಳೀತೈತಿ ಅಂತ."

ಕಲ್ಲವ್ವ ನಕ್ಕಳು. "ಅವರಷ್ಟ ಅಲ್ರೀ. ನಿನ್ನೀತನಕ ನೀವೂ ಹಂಗ ತಿಳಕೊಂಡಿದ್ರಿ."

ಮಾಸ್ತರರು ತಲೆ ತಗ್ಗಿಸಿದರು. "ಹೌದವ್ವಾ. ತಪ್ಪಾತು."

ಅಷ್ಟು ಓದಿದ ಮನುಷ್ಯ ಅವಳ ಮುಂದೆ ತಪ್ಪಾಯಿತು ಅಂದದ್ದು ನಾನು ಕೇಳಿದೆ. ಅದಕ್ಕೇ ಅವರ ಮೇಲೆ ನನಗೆ ಸಿಟ್ಟಿಲ್ಲ.

ಗುರುತು ಏನೆಂದು ಅಲ್ಲೇ ಮಾತಾಯಿತು. ಹಳ್ಳದ ದಂಡೆಯಲ್ಲಿ ಅವಳು ಬಟ್ಟೆ ಹರವುವ ಹಗ್ಗ ಗವಿಯ ಬಾಯಿಗೆ ಸರಿಯಾಗಿ ಕಾಣುತ್ತದೆ. ದಿನಾಲೂ ಖಾಕಿಗಳೆಲ್ಲ ಒಂದು ಕಡೆ, ಅವಳ ಹಸಿರು ಸೀರೆ ಬೇರೆ ಕಡೆ. ಮರುದಿನ ಪೊಲೀಸರು ಗುಡ್ಡ ಹತ್ತುತ್ತಾರೆ ಎಂದು ತಿಳಿದರೆ ಹಸಿರು ಸೀರೆ ಖಾಕಿಗಳ ನಡುವೆ ಬರಬೇಕು. ಮಾಸ್ತರರು ಅವತ್ತೇ ಗುಡ್ಡ ಸೇರುವವರಿದ್ದರು. ಹಗ್ಗವನ್ನು ನೋಡುವವರು ಅವರೊಬ್ಬರೇ.

"ಯಾರಿಗೂ ಹೇಳೂದಿಲ್ಲ. ಜಯದೇವನಿಗೂ ಹೇಳೂದಿಲ್ಲ. ಯಾರರೆ ಸಿಕ್ಕು ಪೆಟ್ಟು ತಿಂದ್ರ ನಿನ್ನ ಹೆಸರು ಬಾಯಿಗೆ ಬರಬಾರದು. ನೀನೂ ಮಗಳಿಗೆ ಹೇಳಬ್ಯಾಡ."

ಮರುದಿನ ಕಲ್ಲವ್ವ ಠಾಣ್ಯಕ್ಕೆ ಹೋಗಿ ನಿಂತಳು. ಹೊಟ್ಟೆಗಿಲ್ಲ ಸಾಹೇಬರ, ಒಗೀತೀನಿ ಅಂದಳು. ಘಾಟಗೆ ಕುರ್ಚಿಯಿಂದ ಏಳಲೂ ಇಲ್ಲ. ಬಾಗಿಲ ಮೂಲೆಯಲ್ಲಿ ರಾಶಿ ಬಿದ್ದಿದ್ದ ಬಟ್ಟೆಗಳ ಕಡೆ ಬೂಟಿನಿಂದ ತೋರಿಸಿದ. ದಿನಾ ಮುಂಜಾನೆ ಅವಳು ನನ್ನನ್ನು ಮನೆಯಿಂದ ಹೊತ್ತು ತಂದು ಶಾಲೆಯ ಪಡಸಾಲೆಯಲ್ಲಿ, ಮಕ್ಕಳು ಕೂತು ಮಗ್ಗಿ ಹೇಳುತ್ತಿದ್ದ ಜಾಗದಲ್ಲಿ ಇಡುತ್ತಿದ್ದಳು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಬೂಟುಗಳು, ಕೋಲುಗಳು, ಮೊಣಕಾಲಿನವರೆಗಿನ ಮನುಷ್ಯರು. ಮನುಷ್ಯರನ್ನು ಅಳೆಯಲು ಅಷ್ಟು ಸಾಕು.

ಊರು ಏನು ಮಾಡಿತು ಎಂದು ಕೇಳಿ. ಬಾವಿಕಟ್ಟೆಯಲ್ಲಿ ಗಾಣಿಗರ ಪಾರವ್ವ ಹಗ್ಗ ಎಳೆದುಕೊಂಡು, "ನಿನ್ನ ಕೊಡಕ್ಕ ನೀರ್ಯಾಕವ್ವ? ಘಾಟಗೆ ಸಾಹೇಬನ ಉಗುಳು ಹಿಡಕೊಂಡು ಹೋಗು, ತುಂಬತೈತಿ" ಅಂದಳು. ಸುತ್ತಲಿದ್ದವರು ನಕ್ಕರು. ಮುಂದಿನ ಮದುವೆಗೆ ಮಡಿ ಹಾಸಲು ಬೇರೆ ಊರಿನ ಮಡಿವಾಳರನ್ನು ಕರೆಸಿದರು. ಸಾವಂತ್ರಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಗಂಡಿನ ಕಡೆಯವರು ಹೊಸ್ತಿಲು ಕೂಡ ದಾಟದೆ, ಅಂಗಳದಿಂದಲೇ ಹೇಳಿ ಹೋದರು.

"ಯವ್ವಾ, ನಿನಗ ನಾಚಿಕಿ ಅನ್ನೂದು ಐತೋ ಇಲ್ಲೋ?" ಸಾವಂತ್ರಿ ಅವತ್ತು ಕೂಗಿದಳು. "ಅಪ್ಪ ಇದ್ದಿದ್ರ ನಿನ್ನ ಕೈ ಕಡೀತಿದ್ದ."

"ಕಡೀತಿದ್ದ," ಅಂದಳು ಕಲ್ಲವ್ವ. ನನ್ನ ಮೇಲೆ ಅವಳ ಕೈಯ ಭಾರ ಎಷ್ಟು ಬಿತ್ತೆಂದರೆ ಕೆಳಗಿದ್ದ ಕಂಬಳಿ ಕಂದಿತು.

ಅವಳು ಅಲ್ಲಿ ಕಿವಿ ಇಟ್ಟು ಕೇಳಿದ್ದಕ್ಕಿಂತ ಬಟ್ಟೆ ನೋಡಿ ತಿಳಿದದ್ದೇ ಹೆಚ್ಚು. ಕೆಮ್ಮಣ್ಣಿದ್ದರೆ ಗುಡ್ಡದ ಪಡುವಣ ದಾರಿ ಹಿಡಿದಿದ್ದರು, ಕಪ್ಪು ಎರೆ ಇದ್ದರೆ ಹೊಲದ ಕಡೆ ಹೋಗಿದ್ದರು. ಎಲ್ಲಕ್ಕಿಂತ ದೊಡ್ಡ ಸುಳಿವು ಗಂಜಿ. ಪರೇಡು ಇದ್ದರೆ ಘಾಟಗೆ, "ಗಂಜಿ ಗಟ್ಟಿ ಇರಲಿ, ಚಡ್ಡಿ ನೆಲದ ಮ್ಯಾಲೆ ನಿಂದರಬೇಕು" ಅನ್ನುತ್ತಿದ್ದ. ಒಂದೊಂದು ದಿನ ಮಾತ್ರ, "ಈ ಸಲ ಗಂಜಿ ಬ್ಯಾಡ" ಅನ್ನುವನು. ಎರಡನೆಯ ಸಲಕ್ಕೆ ಕಲ್ಲವ್ವನಿಗೆ ಹೊಳೆಯಿತು. ಗಂಜಿ ಹಾಕಿದ ಖಾಕಿ ಚಡ್ಡಿ ಹಾಕಿಕೊಂಡು ನಡೆದರೆ ತೊಡೆಗೆ ತೊಡೆ ತಾಗಿ ಒಣ ಎಲೆ ತುಳಿದ ಹಾಗೆ ಸದ್ದಾಗುತ್ತದೆ. ಇಪ್ಪತ್ತೆರಡು ಮಂದಿ ಹಾಗೆ ಗುಡ್ಡ ಹತ್ತಿದರೆ ಗವಿಯೊಳಗೆ ಮಲಗಿದವನಿಗೂ ಕೇಳುತ್ತದೆ. ಗಂಜಿ ಬೇಡ ಅಂದರೆ ಸದ್ದು ಬೇಡ, ಸದ್ದು ಬೇಡ ಅಂದರೆ ಗುಡ್ಡ.

ಮೂರು ಸಲ ಹಸಿರು ಸೀರೆ ಖಾಕಿಗಳ ನಡುವೆ ಹಾರಿತು. ಮೂರು ಸಲವೂ ಪೊಲೀಸರಿಗೆ ಗವಿಯಲ್ಲಿ ಸಿಕ್ಕಿದ್ದು ಬೆಚ್ಚಗಿನ ಬೂದಿ ಮಾತ್ರ.

ಮೂರನೆಯ ಸಲ ಬಂದ ಮೇಲೆ ಘಾಟಗೆ ಕೂಗಾಡಲಿಲ್ಲ. ಅದನ್ನು ನೋಡಿಯೇ ನನ್ನ ಹೊಟ್ಟೆಯ ಕೆಂಡ ಮಂಕಾಯಿತು. ಕೂಗಾಡುವ ಮನುಷ್ಯ ಸುಮ್ಮನೆ ಕೂತು ತಂಬಾಕು ತಿಕ್ಕುತ್ತಿದ್ದಾನೆ ಎಂದರೆ ಅವನು ಒಳಗಿನವರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದಾನೆ ಎಂದೇ ಅರ್ಥ.

ಭಾದ್ರಪದದಲ್ಲಿ ಜಿಲ್ಲೆಯ ದೊಡ್ಡ ಸಾಹೇಬ, ಬಿಳಿಯ, ತಪಾಸಣೆಗೆ ಬಂದ. ಗಟ್ಟಿ ಗಂಜಿಯ ಖಾಕಿಯಲ್ಲಿ ಎಲ್ಲರೂ ನಿಂತು ಸಲಾಮು ಹೊಡೆದರು. ಮೋಟಾರು ತಿರುಗಿ ಹೋಗುತ್ತಲೇ ಘಾಟಗೆ ಶಾಲೆಯ ಹೆಬ್ಬಾಗಿಲು ಹಾಕಿಸಿದ.

"ಏ ಕಲ್ಲಿ, ಎಲ್ಲಾರ ಚಡ್ಡಿ ಒಗಿ. ಗಂಜಿ ಪೂರ್ತಿ ಹೋಗಬೇಕು. ನಾಳೆ ಹೊತ್ತು ಹೊಂಡೂದರಾಗ ಬೇಕು."

"ಇನ್ನೊಂದು ಜೋಡಿ ಐತಲ್ರೀ ಸಾಹೇಬರ?"

"ಅದು ಕೆಸರಾಗೈತಿ. ಹೇಳಿದಷ್ಟು ಮಾಡು."

"ಹಂಗಾರ ಹಳ್ಳಕ್ಕ ಹೋಗಿ ಬರ್ತೀನ್ರೀ."

"ಹಳ್ಳಕ್ಕ ಹೋಗಂಗಿಲ್ಲ. ಇಲ್ಲೇ ಬಾವಿ ಐತಿ, ಇಲ್ಲೇ ಒಗಿ, ಇಲ್ಲೇ ಒಣಗಿಸು. ನಾವು ಹೋಗಿ ಬರೂತನಕ ನೀನೂ ಇಲ್ಲೇ, ಅಡಗಿಯವನೂ ಇಲ್ಲೇ, ಕಸಾ ಹೊಡ್ಯಾಕಿನೂ ಇಲ್ಲೇ. ಒಂದು ಕಾಗಿ ಹೊರಗ ಹಾರಿದ್ರ ಗುಂಡು."

ಜಿಟಿಜಿಟಿ ಮಳೆ. ಹಗ್ಗ ಕಟ್ಟಲು ಬಿಸಿಲಿಲ್ಲ, ಸುತ್ತ ಗೋಡೆ, ಸೀರೆ ಹರವಿದರೂ ಗುಡ್ಡದವರಿಗೆ ಕಾಣುವುದಿಲ್ಲ. ಕಲ್ಲವ್ವ ಬಾವಿಯ ಹತ್ತಿರದ, ನೀರು ತುಂಬುವ ಕಲ್ಲಿನ ದೋಣಿಯ ಮುಂದೆ ಚಡ್ಡಿಗಳ ರಾಶಿ ಹಾಕಿಕೊಂಡು ಕೂತಳು. ನಾಳೆ ಮಾಸ್ತರರೂ ಸೇರಿ ಎಂಟು ಹೆಣ ಚಕ್ಕಡಿಯಲ್ಲಿ ಊರಿಗೆ ಬರುತ್ತವೆ, ಅವುಗಳ ಮೇಲೆ ಹೊದಿಸಲು ಮಡಿ ಬಟ್ಟೆ ಕೊಡು ಎಂದು ತನಗೇ ಹೇಳುತ್ತಾರೆ ಎಂದು ಅವಳು ಆಮೇಲೆ ಮಗಳಿಗೆ ಹೇಳಿದ್ದಳು. ಆಗ ಅವಳ ಮನಸ್ಸಿನಲ್ಲಿದ್ದದ್ದು ಅದಂತೆ.

ಅಡಿಗೆಯವನು ಇಪ್ಪತ್ತೆರಡು ಮಂದಿಗೆ ಅನ್ನ ಬಸಿದು, ದಟ್ಟ ಗಂಜಿಯನ್ನು ಗಟಾರಕ್ಕೆ ಚೆಲ್ಲಲು ತಪ್ಪಲೆ ಎತ್ತಿಕೊಂಡು ಹೊರಗೆ ಬಂದ.

"ಅಲ್ಲಿ ಚೆಲ್ಲಬ್ಯಾಡಪಾ, ಜಾರತೈತಿ," ಕಲ್ಲವ್ವ ಅಂದಳು. "ಈ ದೋಣ್ಯಾಗ ಹಾಕು. ನಾ ಆಮ್ಯಾಲೆ ತೊಳೀತೀನಿ."

ಅವನು ಹಾಕಿ ಹೋದ. ಅವನಿಗೆ ಅದು ಅನ್ನದ ನೀರು.

ಅವಳು ಮೊದಲು ಚಡ್ಡಿಗಳನ್ನು ಎಲ್ಲರಿಗೆ ಕಾಣುವ ಹಾಗೆ ಬಡಿಬಡಿದು ಒಗೆದಳು. ಹಳೆಯ ಗಂಜಿ ಒಂದು ಹನಿ ಉಳಿಯಲಿಲ್ಲ. ಆಮೇಲೆ ಕೊನೆಯ ಜಾಲಾಡುವಿಕೆಯನ್ನು ಆ ದೋಣಿಯಲ್ಲಿ ಮಾಡಿದಳು. ಒಂದೊಂದನ್ನೂ ಮುಳುಗಿಸಿ, ಹಿಂಡಿ, ಮತ್ತೆ ಮುಳುಗಿಸಿ, ಮತ್ತೆ ಹಿಂಡಿದಳು. ನೋಡುವವರಿಗೆ ಅದು ನೀರೇ. ಮಳೆ ಇದ್ದುದರಿಂದ ಒಣಗಿಸುವ ಕೆಲಸ ನನ್ನ ಮೇಲೆ ಬಿತ್ತು.

ಅವಳು ನನ್ನ ಮುಚ್ಚಳ ತೆರೆದು ಒಂದೇ ಮುಷ್ಟಿ ಕೆಂಡ ಹಾಕಿದಳು. ಅಷ್ಟು ಕೆಂಡ ನನ್ನ ಹೊಟ್ಟೆಯ ಒಂದು ಮೂಲೆಗೂ ಸಾಲದು. ನನಗೆ ಅವಮಾನವಾಯಿತು. ಇಷ್ಟು ವರ್ಷ ಜೊತೆಗೆ ದುಡಿದು, ಇವತ್ತು ನನ್ನನ್ನು ಉಪವಾಸ ಕೆಡವಿದ್ದಾಳೆ ಎಂದುಕೊಂಡೆ. ಉಗುರುಬೆಚ್ಚಗಿನ ಮೈಯಿಂದ ನಾನು ಆ ಖಾಕಿಗಳ ಮೇಲೆ ಹೋದೆ, ಬಂದೆ. ಹಬೆ ಕೂಡ ಏಳಲಿಲ್ಲ. ಮಡಿಕೆ ಮಾತ್ರ ಚೆಂದ ಬಿತ್ತು. ಬಟ್ಟೆ ಹಸಿಯಾಗಿಯೇ, ಮೆತ್ತಗೆ, ಬಾಳೆ ಎಲೆಯ ಹಾಗೆ ಉಳಿಯಿತು.

ಹತ್ತನೆಯ ಚಡ್ಡಿಗೆ ಬಂದಾಗ ನನಗೆ ತಿಳಿಯಿತು. ನಾನು ಬಿಸಿಯಾಗಿದ್ದರೆ ಗಂಜಿ ಈಗಲೇ ಗಟ್ಟಿಯಾಗಿ ಬಿಡುತ್ತಿತ್ತು, ಮುಟ್ಟಿದವನಿಗೆ ಗೊತ್ತಾಗುತ್ತಿತ್ತು. ಹಸಿ ಇರುವ ತನಕ ಗಂಜಿ ಮೆತ್ತಗೆ ಮಲಗಿರುತ್ತದೆ. ಮೈಗೆ ಹಾಕಿಕೊಂಡು ನಡೆದು, ಮೈಶಾಖಕ್ಕೆ, ಬಿಸಿಲಿಗೆ ಒಣಗಿದಾಗ ಏಳುತ್ತದೆ.

ಆದರೆ ಬಿಸಿಲು ಬೀಳಬೇಕಲ್ಲ! ಮಳೆ ಹಿಡಿದೇ ಇದ್ದರೆ ಇಪ್ಪತ್ತೆರಡು ಚಡ್ಡಿ ತೊಯ್ದ ಬೆಕ್ಕಿನ ಹಾಗೆ ಸುಮ್ಮನೆ ಗುಡ್ಡ ಹತ್ತುತ್ತವೆ.

ದೀಪ ಹಚ್ಚುವ ಹೊತ್ತಿಗೆ ಘಾಟಗೆ ಪಡಸಾಲೆಗೆ ಬಂದ. ಹಿಂದೆ ಹವಾಲ್ದಾರ ದಸ್ತಗೀರಸಾಬ, ಆ ಇಪ್ಪತ್ತೆರಡರಲ್ಲಿ ನಮ್ಮ ಸೀಮೆಯವನು ಇವನೊಬ್ಬನೇ. ಘಾಟಗೆ ಮೇಲಿನ ಚಡ್ಡಿ ಎತ್ತಿ, ಬೆರಳಲ್ಲಿ ತಿಕ್ಕಿ, ಕಿವಿಯ ಹತ್ತಿರ ಹಿಡಿದು ಮುದುಡಿದ. ಸದ್ದಿಲ್ಲ.

"ಹಸಿ ಐತಲ್ಲೇ?"

"ಬಿಸಲಿಲ್ರೀ ಸಾಹೇಬರ. ಇದ್ದಿಲೂ ತೊಯ್ದಾವು."

"ಇದನ್ನ ಹಾಕ್ಕೊಂಡ್ರ ನೆಗಡಿ ಬರತೈತಿ," ಅಂದ ದಸ್ತಗೀರಸಾಬ.

"ನೀ ಏನು ಮದಿಮಗಾ ಏನೋ? ಸುಮ್ಕ ಹಾಕ್ಕೋ." ಘಾಟಗೆ ಚಡ್ಡಿಯನ್ನು ಕಲ್ಲವ್ವನ ಮುಖದ ಮೇಲೆ ಒಗೆದು ಒಳಗೆ ಹೋದ.

ದಸ್ತಗೀರಸಾಬ ಆ ಚಡ್ಡಿಯನ್ನು ಎತ್ತಿ ಮಡಿಕೆ ಮಾಡಿ ಇಟ್ಟ. ಇಟ್ಟವನು ತನ್ನ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿಕೊಂಡ. ಅಂಟು ಇತ್ತು, ನನಗೆ ಗೊತ್ತು. ಅವನು ಕಲ್ಲವ್ವನನ್ನು ನೋಡಿದ. ಕಲ್ಲವ್ವ ನನ್ನನ್ನು ನೋಡುತ್ತಿದ್ದಳು. ಅವನು ಬೆರಳನ್ನು ತನ್ನ ಅಂಗಿಗೆ ಒರೆಸಿಕೊಂಡು ಏನೂ ಅನ್ನದೆ ನಡೆದ.

ಬೆಳಗಾಯಿತು. ಮಳೆ ನಿಂತಿತ್ತು, ಮೋಡ ನಿಂತಿರಲಿಲ್ಲ. ಪೊಲೀಸರು ಸಾಲಾಗಿ ಹೊರಟರು. ಗವಿಯವರು ರೊಟ್ಟಿ ಬೇಯಿಸಿ ಉಂಡು ಮೈಮರೆಯುವ ಹೊತ್ತಿಗೆ, ಬಿಸಿಲೇರಿದ ಮೇಲೆ, ಸುತ್ತುಗಟ್ಟಬೇಕೆಂದು ಮಾತಾಗಿತ್ತು. ಹೊರಡುವಾಗ ಒಂದು ಸದ್ದಿಲ್ಲ. ಬೂಟಿಗೂ ಗೋಣಿತಟ್ಟು ಸುತ್ತಿದ್ದರು. ಕಾವಲಿಗೆ ಇಬ್ಬರು ಉಳಿದರು.

ಕಲ್ಲವ್ವ ಪಡಸಾಲೆಯ ಕಂಬಕ್ಕೆ ಆತು ಕೂತಳು. ಕಣ್ಣು ಆಕಾಶದ ಮೇಲೆ. ಬಾಯಲ್ಲಿ ಯಾವ ದೇವರ ಹೆಸರೂ ಇರಲಿಲ್ಲ. "ಬಾರೋ ಸುಡಗಾಡ್ಯಾ, ಬಾ," ಎಂದು ಸೂರ್ಯನನ್ನು ಬಯ್ಯುತ್ತಿದ್ದಳು. ಒಂದು ತಾಸು ಹೋಯಿತು. ಎರಡು ತಾಸು ಹೋಯಿತು. ಅಂಗಳದ ನೀರಿನಲ್ಲಿ ಮೋಡವೇ ಕಾಣುತ್ತಿತ್ತು. ಕಸ ಹೊಡೆಯುವವಳು ಏನೋ ಕೇಳಿದಳು, ಕಲ್ಲವ್ವನಿಗೆ ಕೇಳಿಸಲಿಲ್ಲ. ಆಮೇಲೆ ನನ್ನ ಮುಚ್ಚಳದ ಮೇಲೆ ಒಂದು ಬೆಚ್ಚಗಿನ ಗೆರೆ ಬಿತ್ತು. ಗೆರೆ ಅಗಲವಾಯಿತು. ಭಾದ್ರಪದದ ಬಿಸಿಲು, ಚರ್ಮ ಸುಲಿಯುವಂಥದ್ದು. ಅಂಗಳ ಹೊಗೆಯಾಡಿತು. ಕಲ್ಲವ್ವ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಗುಡ್ಡದಲ್ಲಿ ನಾನಿರಲಿಲ್ಲ. ತಿರುಗಿ ಬಂದವರ ಬಾಯಿಂದ ಕೇಳಿದ್ದು ಹೇಳುತ್ತೇನೆ. ಅರ್ಧ ಗುಡ್ಡ ಹತ್ತುವ ತನಕ ಎಲ್ಲ ಸರಿ ಇತ್ತಂತೆ. ಬಿಸಿಲು ಬಿದ್ದ ಮೇಲೆ ಒಬ್ಬನ ಚಡ್ಡಿ ಚರ್ ಎಂದಿತು. ಆಮೇಲೆ ಇನ್ನೊಬ್ಬನದು. ಗವಿಗೆ ಕೂಗಳತೆ ದೂರ ಬರುವಷ್ಟರಲ್ಲಿ ಇಪ್ಪತ್ತೂ ಮಂದಿಯ ಚಡ್ಡಿ ಚರಚರ, ಚರಚರ. ನಿಂತರೆ ಸುಮ್ಮನೆ, ಹೆಜ್ಜೆ ಇಟ್ಟರೆ ಸದ್ದು. ಕಾಲು ಅಗಲಿಸಿ ಬಾತುಕೋಳಿಯ ಹಾಗೆ ನಡೆಯಿರಿ ಎಂದು ಘಾಟಗೆ ಸನ್ನೆ ಮಾಡಿದನಂತೆ. ಕಾವಲು ಕೂತಿದ್ದ ಜಯದೇವ ಕೇಳಿಸಿಕೊಂಡ. ಎಂಟೂ ಮಂದಿ ಗುಡ್ಡದ ಆಚೆ ಇಳಿದು ಜೋಳದ ಬೆಳೆಯಲ್ಲಿ ಮಾಯವಾದರು.

ಮಧ್ಯಾಹ್ನ ಪೊಲೀಸರು ಬಂದರು. ತೊಡೆ ಕೆರೆದು ಕೆಂಪಾಗಿದ್ದವು. ಯಾರೂ ನಗಲಿಲ್ಲ, ಕುಳಿತುಕೊಳ್ಳಲೂ ಆಗುತ್ತಿರಲಿಲ್ಲ. ಘಾಟಗೆ ನೇರ ಪಡಸಾಲೆಗೆ ಬಂದ.

"ಗಂಜಿ ಹಾಕಿದಿ."

"ಇಲ್ರೀ ಸಾಹೇಬರ. ಹಳೇ ಗಂಜಿ ಹೋಗಿಲ್ಲ. ಹಸಿ ಇದ್ದಾಗ ಗೊತ್ತಾಗಲಿಲ್ರೀ."

"ಯಾರು ಹೇಳಿಕೊಟ್ರು?"

"ಹಳೇ ಗಂಜಿ ಹೋಗಿಲ್ರೀ."

ಘಾಟಗೆ ಅಡಿಗೆಯವನ ಒಲೆಯಿಂದ ಕೆಂಡ ತರಿಸಿದ. ತನ್ನ ಕೈಯಿಂದಲೇ ನನ್ನ ಹೊಟ್ಟೆ ತುಂಬಿದ, ಬಾಯಿ ಮುಟ್ಟ. ನಿನ್ನೆ ಒಂದು ಮುಷ್ಟಿ ಕೆಂಡಕ್ಕೆ ಅವಮಾನ ಪಟ್ಟವನು ನಾನು. ಇವತ್ತು ಒಂದೊಂದು ಕೆಂಡ ಬೀಳುವಾಗಲೂ ಬೇಡ, ಬೇಡ ಅನ್ನಿಸಿತು. ಕಬ್ಬಿಣಕ್ಕೆ ಬೇಡ ಅನ್ನಲು ಬಾಯಿಲ್ಲ. ಕೆಂಡ ಹಾಕಿದರೆ ಕಾಯಲೇಬೇಕು, ಯಾರು ಹಾಕಿದರು ಎಂದು ನೋಡುವ ಹಾಗಿಲ್ಲ.

ಇಬ್ಬರು ಅವಳ ಬಲಗೈಯನ್ನು ಹಲಗೆಯ ಮೇಲೆ ಅಂಗೈ ಮೇಲೆ ಮಾಡಿ ಹಿಡಿದರು. ಘಾಟಗೆ ನನ್ನನ್ನು ಎತ್ತಿದ.

ನಾನು ಆ ಕೈಯನ್ನು ಬಲ್ಲೆ. ಹನ್ನೊಂದು ವರ್ಷ ಆ ಕೈಯೊಳಗೆ ಇದ್ದವನು. ಹಿಡಿಕೆಯ ಕಡೆಯಿಂದ ಬಲ್ಲೆನೇ ಹೊರತು ಅಡಿಯಿಂದ ಯಾವತ್ತೂ ಮುಟ್ಟಿರಲಿಲ್ಲ. ಅವತ್ತು ಮುಟ್ಟಿದೆ.

ಅವಳು ಕೂಗಿದಳು. ಕೂಗಲಿಲ್ಲ ಎಂದು ಬರೆಯುವವರು ಬರೆದುಕೊಳ್ಳಲಿ. ನನಗೆ ಅಂಥ ಶೌರ್ಯದ ಮಾತು ಬೇಕಾಗಿಲ್ಲ. ಶಾಲೆಯ ಹೆಂಚು ಹಾರುವ ಹಾಗೆ ಕೂಗಿದಳು. ಕೂಗಿನ ನಡುವೆ ಬಂದ ಮಾತು ಮಾತ್ರ ಅದೇ: "ಹಳೇ ಗಂಜಿ ಹೋಗಿಲ್ಲೋ ಎಪ್ಪಾ, ಹಳೇ ಗಂಜಿ!" ಘಾಟಗೆ ಎರಡನೆಯ ಸಲ ಎತ್ತಿದ.

"ಸಾಹೇಬರ," ಎಂದ ದಸ್ತಗೀರಸಾಬ. "ಖಾಕಿ ಕುಡದ ಗಂಜಿ ಒಂದ ಒಗತಕ್ಕ ಹೋಗಂಗಿಲ್ರೀ. ನಮ್ಮ ಮನ್ಯಾಗೂ ಹಂಗ ಆಗತೈತಿ. ನಿನ್ನಿ ಸಂಜೀಕ ನಾನೂ ಮುಟ್ಟಿ ನೋಡೀನಿ, ಗಂಜಿ ಗೊತ್ತಾಗಲಿಲ್ಲ. ನೀವೂ ನೋಡೀರಲ್ರೀ?"

ಆ ಕೊನೆಯ ಮಾತು ಘಾಟಗೆಗೆ ತಟ್ಟಿತು. ತಾನೇ ನೋಡಿ, ಕಿವಿಗೆ ಹಿಡಿದು, ಸರಿ ಎಂದು ಕಳಿಸಿದ್ದು. ಮೇಲಿನ ಸಾಹೇಬನಿಗೆ ಬರೆಯುವಾಗ ಅದನ್ನೂ ಬರೆಯಬೇಕಾಗುತ್ತದೆ. ಅವನು ನನ್ನನ್ನು ಅಂಗಳಕ್ಕೆ ಎಸೆದ. ಕೆಂಡಗಳು ಕೆಸರಿನಲ್ಲಿ ಬಿದ್ದು ಚುಂಯ್ ಎಂದವು. ನನ್ನ ಮುಚ್ಚಳದ ತುದಿ ಸೀಳಿತು. ಅವಳನ್ನು ಒದ್ದು ಹೊರಗೆ ಹಾಕಿದರು. ಎಡಗೈಯಲ್ಲಿ ನನ್ನನ್ನು ಎತ್ತಿಕೊಂಡೇ ಅವಳು ಮನೆಗೆ ಹೋದಳು.

ಅವತ್ತು ಸಾವಂತ್ರಿಗೆ ಎಲ್ಲವನ್ನೂ ಹೇಳಿದಳು. ಸಾವಂತ್ರಿ ತಾಯಿಯ ಕೈಗೆ ಬೆಣ್ಣೆ ಹಚ್ಚುತ್ತಾ, ಹಿಂದೆ ಅಂದ ಮಾತು ನೆನಪಾಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

"ಊರ ಮುಂದ ಹೇಳೂಣು ಯವ್ವಾ."

"ಪೊಲೀಸರು ಇನ್ನೂ ಇಲ್ಲೇ ಅದಾರ. ಮಾಸ್ತರು ಬಂದು ಹೇಳ್ತಾರ ತಗೋ."

ಮಾಸ್ತರರು ಬರಲಿಲ್ಲ. ಆ ವರ್ಷ ಚಳಿಗಾಲದಲ್ಲಿ ಬೇರೊಂದು ಊರಿನಲ್ಲಿ ಸಿಕ್ಕಿಬಿದ್ದು, ಜೈಲಿನಲ್ಲಿ ಜ್ವರ ಬಂದು ತೀರಿಕೊಂಡರು. ಹಸಿರು ಸೀರೆಯ ಗುಟ್ಟನ್ನು ಕೊಟ್ಟ ಮಾತಿನಂತೆ ಒಬ್ಬರಿಗೂ ಹೇಳದೆ ತಗೊಂಡು ಹೋದರು. ಕಲ್ಲವ್ವನ ಬಲಗೈ ಬೆರಳುಗಳು ಒಳಕ್ಕೆ ಮಡಿಚಿಕೊಂಡು ಹಾಗೆಯೇ ಉಳಿದವು. ಅವಳು ಎಡಗೈಯಲ್ಲಿ ಇಸ್ತ್ರಿ ಮಾಡುವುದನ್ನು ಹೊಸದಾಗಿ ಕಲಿತಳು. ಮೊದಲ ದಿನ ಹಿಡಿಕೆ ಹಿಡಿಯುವಾಗ ಅವಳ ಕೈ ಸ್ವಲ್ಪ ಹಿಂದೆ ಸರಿಯಿತು. ಆಮೇಲೆ ಯಾವತ್ತೂ ಸರಿಯಲಿಲ್ಲ.

ಸ್ವಾತಂತ್ರ್ಯ ಬಂತು. ಜಯದೇವ ಈಗ ಜಯದೇವಪ್ಪನವರಾದರು. ಅದೇ ಶಾಲೆಯ ಅಂಗಳದಲ್ಲಿ ಹಾರ ಹಾಕಿಸಿಕೊಂಡು ಭಾಷಣ ಮಾಡಿದರು. ಸಾವಂತ್ರಿ ಬಂದು ಮನೆಯಲ್ಲಿ ಹೇಳಿದ್ದು ಹೀಗೆ: "ಇಂಗ್ರಜರ ಪೊಲೀಸರಷ್ಟು ದಡ್ಡರು ಎಲ್ಲೂ ಇಲ್ಲ. ನಮ್ಮನ್ನ ಹಿಡ್ಯಾಕ ಗಂಜಿ ಹಾಕಿದ ಚಡ್ಡಿ ಹಾಕ್ಕೊಂಡು ಬಂದ್ರು, ಮದುವಿಗೆ ಬಂದಂಗ!" ಅಂದರಂತೆ. ಕಾಲು ಅಗಲಿಸಿ ನಡೆದು ತೋರಿಸಿದರಂತೆ. ಊರು ಹೊಟ್ಟೆ ಹಿಡಿದು ನಕ್ಕಿತಂತೆ. ಕಲ್ಲವ್ವ ಹಿಂದಿನ ಸಾಲಿನಲ್ಲಿ, ಪೊಲೀಸರ ಅಗಸಗಿತ್ತಿ ಎಂದು ಯಾರೂ ಪಕ್ಕದಲ್ಲಿ ಕೂಡದ ಜಾಗದಲ್ಲಿ, ಒಬ್ಬಳೇ ಕೂತಿದ್ದಳು.

ಜಯದೇವಪ್ಪನವರ ಖಾದಿ ಒಗೆತಕ್ಕೆ ನಮ್ಮ ಮನೆಗೇ ಬರುತ್ತಿತ್ತು. ಖಾದಿಗೆ ಅವಳಷ್ಟು ಚೆಂದ ಮಡಿಕೆ ಹಾಕುವವರು ಸುತ್ತಲ ಊರಲ್ಲಿ ಇರಲಿಲ್ಲ. ಒಂದು ದಿನ ಗಂಟು ಕೊಡಲು ಹೋದವಳು ಅವರ ಮುಂದೆ ಸುಟ್ಟ ಕೈ ಹಿಡಿದು ಎಲ್ಲವನ್ನೂ ಹೇಳಿ ಬಂದಳು. ಗಂಟಿನ ಮೇಲೆ ಕಟ್ಟಿ ನನ್ನನ್ನೂ ಒಯ್ದಿದ್ದಳು. ಅವರ ಮನೆಯ ಮದುವೆಯ ಬಟ್ಟೆಗಳನ್ನು ಅಲ್ಲೇ ಇಸ್ತ್ರಿ ಮಾಡುವುದಿತ್ತು. ಹಾಗಾಗಿ ಇದು ನಾನು ಕಣ್ಣಾರೆ ಕಂಡದ್ದು.

ಜಯದೇವಪ್ಪನವರು ಅವಳ ಮಡಿಚಿದ ಬೆರಳುಗಳನ್ನು ನೋಡಿದರು. ಕಣ್ಣಲ್ಲಿ ನೀರು ಬಂತು, ಅದನ್ನು ಇಲ್ಲ ಅನ್ನುವುದಿಲ್ಲ.

"ಮೊದಲ ಯಾಕ ಹೇಳಲಿಲ್ಲ ಕಲ್ಲವ್ವ?"

"ಮಾಸ್ತರು ಬ್ಯಾಡಂದಿದ್ರು."

"ಬರೂ ಆಗಸ್ಟದಾಗ ಎಲ್ಲಾರ ಮುಂದ ನಾನ ಹೇಳ್ತೀನಿ. ನಿನ್ನ ಹೆಸರು ಹಿಡದು ಹೇಳ್ತೀನಿ."

ಆಗಸ್ಟ್ ಬಂತು. ಕಲ್ಲವ್ವ ತನ್ನ ಸೀರೆಯನ್ನು ತಾನೇ ಇಸ್ತ್ರಿ ಮಾಡಿಕೊಂಡಳು. ಇಷ್ಟು ವರ್ಷಗಳಲ್ಲಿ ಅವಳ ಸ್ವಂತ ಸೀರೆಯ ಮೇಲೆ ನಾನು ಹರಿದದ್ದು ಅದೇ ಮೊದಲು. ತಾಯಿ ಮಗಳು ಮುಂದಿನ ಸಾಲಿಗೆ ಹೋಗಿ ಕೂತರು. ಜಯದೇವಪ್ಪನವರು ಎದ್ದರು. ತಾಯಿ ಮಗಳನ್ನು ನೋಡಿದರು. ಜನ "ಚಡ್ಡೀ ಕಥೀ, ಚಡ್ಡೀ ಕಥೀ" ಎಂದು ಕೂಗಿದರು. ಅವರು ಹೇಳಿದರು. ಹಳೆಯ ಹಾಗೆಯೇ ಹೇಳಿದರು. ದಡ್ಡ ಪೊಲೀಸರು, ಮದುವೆಯ ಚಡ್ಡಿ, ಬಾತುಕೋಳಿ ನಡಿಗೆ, ಚಪ್ಪಾಳೆ. ಅದು ಅಷ್ಟು ಪಳಗಿದ ಕಥೆ. ಅದರೊಳಗೆ ಒಬ್ಬ ಅಗಸಗಿತ್ತಿಯನ್ನು ತಂದರೆ ನಗು ಕೆಡುತ್ತಿತ್ತು.

ಮರುದಿನ ಮುಂಜಾನೆ ಕಲ್ಲವ್ವ ಅವರ ಮನೆಯ ಗಂಟನ್ನು ಬಿಚ್ಚದೆ, ಕೊಳೆಯ ಸಮೇತ ಅವರ ಕಟ್ಟೆಯ ಮೇಲೆ ಇಟ್ಟು ಬಂದಳು. ಹಿಂದೆಯೇ ಜಯದೇವಪ್ಪನವರು ನಮ್ಮ ಬಾಗಿಲಿಗೆ ಬಂದರು. ಆ ಬಾಗಿಲಿಗೆ ಅಂಥವರು ಬಂದದ್ದು ಊರೆಲ್ಲ ನೋಡಿತು.

"ಜನ ಕೂಗಿದ್ರು ಕಲ್ಲವ್ವ. ಬಾಯಿಗೆ ಅದ ಬಂತು. ಮುಂದಿನ ಸಲ..."

"ಮುಂದಿನ ಸಲಾನೂ ಅದ ಬರತೈತ್ರಿ."

"ಅಗಸರು ಒಗ್ಯಾಂಗಿಲ್ಲ ಅಂದ್ರ ಹೆಂಗ? ಊರು ಏನಂದೀತು?"

"ಪೊಲೀಸರ ಅರಿವಿ ಯಾಕ ಒಗದಿ ಅಂತ ಊರು ನನಗ ಕೇಳ್ತು. ಈಗ ನಿಮ್ಮ ಅರಿವಿ ಯಾಕ ಒಗ್ಯಾಂಗಿಲ್ಲ ಅಂತ ಕೇಳಲಿ. ಎರಡಕ್ಕೂ ನನ್ನ ಕಡೆ ಒಂದ ಉತ್ತರ ಐತಿ."

ಊರು ಕೇಳಿತು. ಅವಳು ಕೇಳಿದವರಿಗೆಲ್ಲ ಅಂಗೈ ತೋರಿಸಿ ಹೇಳಿದಳು. ಕೆಲವರು ನಂಬಿದರು. ಕೆಲವರು, ಈಗ ಸ್ವಾತಂತ್ರ್ಯ ಬಂದ ಮೇಲೆ ಎಲ್ಲರೂ ಹೀಗೇ ಹೇಳುತ್ತಾರೆ ಬಿಡು ಅಂದರು. ಒಂದು ಸಂಜೆ ಪಿಂಚಣಿ ಪಡೆದು ಊರಿಗೆ ಬಂದಿದ್ದ ದಸ್ತಗೀರಸಾಬ ನಮ್ಮ ಹೊಸ್ತಿಲ ಮೇಲೆ ಕೂತು ಚಹಾ ಕುಡಿದು, ಹೌದು ಎಂದು ನಾಲ್ಕು ಮಂದಿಯ ಮುಂದೆ ಹೇಳಿ ಹೋದ. ದೊಡ್ಡ ಮನೆಗಳ ಒಗೆತ ನಿಂತುಹೋಯಿತು. ಬಸ್ಸು ನಿಲ್ಲುವ ಜಾಗದಲ್ಲಿ ಹಲಗೆ ಹಾಕಿ, ಬರುವ ಹೋಗುವವರ ಬಟ್ಟೆಗೆ ಇಸ್ತ್ರಿ ಮಾಡಿದೆವು. ಸಾವಂತ್ರಿಗೆ ಒಬ್ಬ ಕಂಡಕ್ಟರನ ಜೊತೆ ಮದುವೆಯಾಯಿತು. ಕಲ್ಲವ್ವ ಎಡಗೈ ಸೋಲುವ ತನಕ ದುಡಿದು, ಒಂದು ದಿನ ಹಲಗೆಯ ಪಕ್ಕದಲ್ಲೇ ಒರಗಿದಳು.

ಈಗ ನಾನು ಸಾವಂತ್ರಿಯ ಮನೆಯ ಮಂಚದ ಕೆಳಗೆ ಇದ್ದೇನೆ. ಹೊಟ್ಟೆಯಲ್ಲಿ ಕೆಂಡವಿಲ್ಲ, ಜೇಡರ ಬಲೆ ಇದೆ. ನನ್ನ ಅಡಿ ತುಕ್ಕು ಹಿಡಿದಿದೆ. ಹಿಡಿಯಲಿ, ಆ ಅಡಿ ಏನನ್ನು ಮುಟ್ಟಿದೆ ಎಂದು ನಾನು ಮರೆತಿಲ್ಲ. ಘಾಟಗೆಯ ಮೇಲೆ ಸಿಟ್ಟಿದೆ, ಅದು ಸುಲಭದ ಸಿಟ್ಟು. ಇನ್ನೊಂದು ಸಿಟ್ಟು ಆರುವುದೇ ಇಲ್ಲ. ಜಯದೇವಪ್ಪನವರು ತೀರಿಕೊಂಡ ಮೇಲೂ ಆ ಶಾಲೆಯಲ್ಲಿ ಆಗಸ್ಟ್ ಬಂದರೆ ಯಾರೋ ಒಬ್ಬರು ಎದ್ದು ಆ ಕಥೆ ಹೇಳುತ್ತಾರೆ, ಮಕ್ಕಳು ನಗುತ್ತಾರೆ, ಮೈಕಿನಲ್ಲಿ ಆ ನಗು ನಮ್ಮ ಮನೆಯ ತನಕ ಬರುತ್ತದೆ. ಅಷ್ಟು ಮಕ್ಕಳಲ್ಲಿ ಒಂದಾದರೂ ಎದ್ದು ನಿಂತು, ಚಡ್ಡಿ ತಾನಾಗಿ ಗಂಜಿ ಹಾಕಿಕೊಳ್ಳುತ್ತದೇನ್ರೀ ಸರ್, ಎಂದು ಕೇಳುವುದಿಲ್ಲ.